ಅಣ್ಣಯ್ಯನ ಹೆಬ್ಬೆರಳು

ನನ್ನ ಹೊಲಿಗೆ ಅಂಗಡಿಗೆ ಬರುವವರೆಲ್ಲ ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ, ಮಿಷನ್ನಿನ ಪಕ್ಕ ಆ ಹಿಡಿ ಮುರಿದ ಕಪ್ಪನ್ನು ಯಾಕೆ ಬೋರಲು ಹಾಕಿಟ್ಟಿದ್ದೀರಿ ಎಂದು. ಅದರಡಿ ಬೀಗದ ಕೈ ಇಟ್ಟಿರಬಹುದೆಂದು ಕೆಲವರ ಊಹೆ. ಶನಿವಾರಸಂತೆಯಿಂದ ರವಿಕೆ ಹೊಲಿಸಲು ಬರುವ ಒಬ್ಬಾಕೆಯಂತೂ, ಸುಶೀಲಕ್ಕನಿಗೆ ಯಾರೋ ಏನೋ ಮಾಡಿಸಿದ್ದಾರೆ, ಅದಕ್ಕೆ ತಡೆ ಕಟ್ಟಿಸಿಕೊಂಡಿದ್ದಾರೆ ಎಂದು ಬಸ್ಸಿನಲ್ಲಿ ಹೇಳಿಕೊಂಡು ಹೋದಳಂತೆ. ಮಾಟ ಮಾಡಿಸುವಷ್ಟು ಹೊಟ್ಟೆಕಿಚ್ಚು ಪಡುವಂಥದ್ದು ನನ್ನ ಹತ್ತಿರ ಏನಿದೆ ಎಂದು ಯಾರಾದರೂ ಹೇಳಿದರೆ ಉಪಕಾರವಾದೀತು.

ನಿಮ್ಮ ಮನೆಯದೇ ಒಂದು ಪಿಂಗಾಣಿ ಕಪ್ಪನ್ನು ತಿರುಗಿಸಿ ನೋಡಿ. ಮೈಯೆಲ್ಲ ನುಣ್ಣಗಿದ್ದರೂ ತಳದಲ್ಲಿ ಒಂದು ಸಣ್ಣ ಸುತ್ತು ಮಾತ್ರ ಹೊಳಪು ಹತ್ತದೆ ಒರಟಾಗಿರುತ್ತದೆ. ಅದರ ಮೇಲೆ ಚಾಕುವನ್ನು ಹತ್ತು ಸಲ ಆ ಮಗ್ಗುಲು, ಹತ್ತು ಸಲ ಈ ಮಗ್ಗುಲು ಎಳೆದರೆ ಸಾಕು, ಮೊಂಡಾದ ಚಾಕು ಟೊಮೆಟೊ ಸಿಪ್ಪೆಯನ್ನು ಜಜ್ಜದೆ ಕುಯ್ಯುತ್ತದೆ. ನನಗೆ ಬೇಕಾದದ್ದು ಟೊಮೆಟೊ ಅಲ್ಲ, ಕಾಜಾ. ಗುಂಡಿಯ ತೂತಿಗೆ ಬಟ್ಟೆ ಸೀಳುವ ನನ್ನ ಸಣ್ಣ ಚಾಕು ಸ್ವಲ್ಪ ಮೊಂಡಾದರೂ ಎಳೆ ಎಳೆಯಾಗಿ ಬಟ್ಟೆ ಕಿತ್ತುಬರುತ್ತದೆ, ಆಮೇಲೆ ಗಿರಾಕಿಯ ಮುಖವೂ ಹಾಗೇ ಆಗುತ್ತದೆ.

ಈ ಕಪ್ಪಿನ ಉಪಾಯ ಹೇಳಿಕೊಟ್ಟವನು ನನ್ನ ಅಣ್ಣಯ್ಯ. ಹೇಳಿಕೊಟ್ಟನೇ ಹೊರತು ಅವನಿಗೆ ಅದರ ಮೇಲೆ ಕವಡೆಯಷ್ಟೂ ಗೌರವ ಇರಲಿಲ್ಲ. "ಇದು ಪ್ಯಾಟೆಯೋರ ಆಟ ಕಣಮ್ಮಿ. ನಿನ್ನ ಗುಂಡಿ ಚಾಕುಗೆ ಸಾಕು, ಕತ್ತಿಗೆ ಆಗಕಿಲ್ಲ" ಎಂದಿದ್ದ. ಅವನು ಕತ್ತಿ ಅಂದರೆ ಅದು ಕಸಿ ಕತ್ತಿ. ಕೊಡ್ಲಿಪೇಟೆಯ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವನು ಕಸಿ ಮೇಸ್ತ್ರಿಯಾಗಿದ್ದ. ಕಾಫಿ ಹಣ್ಣಿನ ಪಿಕಿಂಗ್ ಮುಗಿದ ಮೇಲೆ ಗಿಡದ ರೆಕ್ಕೆ, ಅಂದರೆ ಕೊಂಬೆಗಳಲ್ಲಿ ಒಣಗಿದ್ದು, ಅಡ್ಡ ಬೆಳೆದದ್ದನ್ನೆಲ್ಲ ಕಡಿದು ಗಿಡದೊಳಗೆ ಬೆಳಕು ಬಿಡುವುದೇ ಕಸಿ. ಇಪ್ಪತ್ತು ಮೂವತ್ತು ಆಳುಗಳು ಸಾಲು ಹಿಡಿದು ಹೋಗುವಾಗ ಹಿಂದಿನಿಂದ ಅಣ್ಣಯ್ಯ ಹೋಗುತ್ತಿದ್ದ. ಎಸ್ಟೇಟಿನ ರೈಟರು ಗಿಡದ ಲೆಕ್ಕ ಇಟ್ಟುಕೊಂಡರೆ ಅಣ್ಣಯ್ಯ ಗಾಯ ನೋಡುತ್ತಿದ್ದ. ಕಡಿದ ಜಾಗ ನುಣ್ಣಗಿರಬೇಕು, ಸಿಗಿದಿರಬಾರದು. "ಗಿಡನ ಕಚ್ಬ್ಯಾಡ್ರಿ, ಕುಯ್ರಿ. ಹರಿತ ಕತ್ತಿ ಗಾಯ ಬ್ಯಾಗ ಮಾಯ್ತದೆ, ಮೊಂಡು ಕತ್ತಿ ಗಾಯ ಕೊಳಿತದೆ" ಎಂದು ಅವನು ಕೂಗುವುದು ಪಕ್ಕದ ತೋಟಕ್ಕೂ ಕೇಳುತ್ತಿತ್ತು.

ಅವನು ಮಸೆಯುತ್ತಿದ್ದುದು ಮಣೆಯ ಮೇಲೆ. ನೆರಳಿಗೆ ಬೆಳೆಸುವ ಹಾಲವಾಣದ ಮರ ಗೊತ್ತಲ್ಲ, ಅದರದೊಂದು ಮೊಳಕ್ಕಿಂತ ಉದ್ದದ ಹಲಗೆ. ಮರ ಮೆತ್ತಗಿರುವುದರಿಂದ ಪುಡಿಯನ್ನು ಹಿಡಿದುಕೊಳ್ಳುತ್ತದೆ. ಪುಡಿ ಅಂದರೆ ಹೊಳೆದಂಡೆಯಲ್ಲಿ ಸಿಗುವ ಬಿಳಿ ಬೆಣಚುಕಲ್ಲಿನದು. ಅದನ್ನು ಒಲೆಯ ಕೆಂಡದಲ್ಲಿ ಕಾಯಿಸಿ ತಣ್ಣೀರಿಗೆ ಹಾಕಿದರೆ ಬಿರುಕು ಬಿಡುತ್ತದೆ. ಆಮೇಲೆ ಕುಟ್ಟಿ, ಹಳೆಯ ಪಂಚೆಯಲ್ಲಿ ಸೋಸಬೇಕು. ಈ ಸೋಸುವ ಕೆಲಸ ನನ್ನದು. ಅವನಿಗೂ ನನಗೂ ಒಂಬತ್ತು ವರ್ಷದ ಅಂತರ, ಹಾಗಾಗಿ ಧೂಳು ಕುಡಿಯುವ ಕೆಲಸಗಳೆಲ್ಲ ನನ್ನ ಪಾಲಿಗೆ ಬರುತ್ತಿದ್ದವು. ಮಣೆಯ ಮೇಲೆ ಪುಡಿ ಉದುರಿಸಿ, ನಾಲ್ಕು ಹನಿ ನೀರು ಚಿಮುಕಿಸಿ, ಕತ್ತಿಯ ಬೆನ್ನನ್ನು ಒಂದು ಬೆಂಕಿಕಡ್ಡಿ ತೂರುವಷ್ಟು ಎತ್ತಿ ಹಿಡಿದು ಎಳೆಯುತ್ತಿದ್ದ. ಆ ಅಳತೆ ಬದಲಾಗಬಾರದು, ಅಷ್ಟೇ ಗುಟ್ಟು. ಒಂದು ಮಗ್ಗುಲು ಮಸೆದಾಗ ಇನ್ನೊಂದು ಮಗ್ಗುಲಿಗೆ ಕಣ್ಣಿಗೆ ಕಾಣದ ತರಿ ಏಳುತ್ತದೆ. ಅದು ಏಳುವವರೆಗೂ ಮಗುಚಬಾರದು. ಕೊನೆಗೆ ಹಳೆಯ ಬೆಲ್ಟಿನ ಚರ್ಮದ ಮೇಲೆ ಹಿಮ್ಮುಖವಾಗಿ ನಾಲ್ಕು ಸಲ ಸವರಿದರೆ ಆ ತರಿಯೂ ಹೋಗುತ್ತದೆ.

ಈಗೀಗ ಸ್ಕೂಟರಿನ ಮೇಲೆ ಕರೆಂಟಿನ ಚಕ್ರ ಇಟ್ಟುಕೊಂಡು ಬರುವವರಿದ್ದಾರೆ. ಕಿಡಿ ಹಾರಿಸಿ ಎರಡು ನಿಮಿಷದಲ್ಲಿ ಕೊಟ್ಟುಬಿಡುತ್ತಾರೆ. ಅಣ್ಣಯ್ಯ ಅದನ್ನು ನೋಡಿ ಮುಖ ತಿರುಗಿಸುತ್ತಿದ್ದ. ಅಲಗು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಕಮ್ಮಾರ ಹಾಕಿದ ಹದ ಸುಟ್ಟುಹೋಯಿತೆಂದೇ ಅರ್ಥ, ಆಮೇಲೆ ಎಷ್ಟು ಮಸೆದರೂ ಎರಡು ದಿನಕ್ಕೆ ಮೊಂಡು. ನಾನು ಮೊಬೈಲಿನಲ್ಲಿ ನೋಡಿ ಒಂದು ಪ್ಲಾಸ್ಟಿಕ್ಕಿನ ಮಸೆಯುವ ಸಾಮಾನು ತರಿಸಿದ್ದೆ. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಚೆನ್ನಾಗದೆ, ಬಾಗ್ಲು ಸಂದಿಗೆ ಮಡಗು, ಗಾಳಿಗೆ ಹೊಡ್ಕಳಲ್ಲ" ಎಂದ. ಇವತ್ತಿಗೂ ಅದು ಅಲ್ಲೇ ಇದೆ.

ಮಸೆದದ್ದು ಸಾಕೋ ಇಲ್ಲವೋ ಎಂದು ನೋಡುವುದಕ್ಕೆ ಅವನದು ಎರಡು ಪರೀಕ್ಷೆ. ಮೊದಲನೆಯದು ಹೆಬ್ಬೆರಳು. ಕತ್ತಿಯ ಬಾಯಿ, ಅಂದರೆ ಕುಯ್ಯುವ ಅಂಚಿನ ಉದ್ದಕ್ಕಲ್ಲ, ಅಡ್ಡಕ್ಕೆ, ಧೂಳು ಒರೆಸಿದ ಹಾಗೆ ಮೆಲ್ಲಗೆ ಸವರುತ್ತಿದ್ದ. ಹರಿತ ಇದ್ದರೆ ಚರ್ಮವನ್ನು ಹಿಡಿಯುತ್ತದೆ, ಮೊಂಡಾದರೆ ಜಾರುತ್ತದೆ. ಕಸಿ ಶುರುವಾಗುವ ಮೊದಲ ದಿನ ಆಳುಗಳು ವಾಸವಿರುವ ಲೈನಿನ ಮುಂದೆ ಗೋಣಿ ಹಾಸಿ, ಆಳುಗಳೆಲ್ಲ ತಮ್ಮ ತಮ್ಮ ಕತ್ತಿಯನ್ನು ಅದರ ಮೇಲೆ ಸಾಲಾಗಿ ಇಡಬೇಕಿತ್ತು. ಅಣ್ಣಯ್ಯ ಒಂದೊಂದಕ್ಕೂ ಹೆಬ್ಬೆರಳು ತಾಗಿಸುತ್ತ ಹೋಗಿ ಸರಿಯಿಲ್ಲದ್ದನ್ನು ಆಚೆಗೆ ಸರಿಸುತ್ತಿದ್ದ. ಬೈಗುಳವಿಲ್ಲ, ಮಾತಿಲ್ಲ. ಸರಿಸಿಕೊಂಡವನು ನಾಚಿಕೊಂಡು ಮಣೆಗೆ ಹೋಗುತ್ತಿದ್ದ.

ಎರಡನೆಯದು ಬೆಳಕು. ಕತ್ತಿಯ ಬಾಯಿಯನ್ನು ಮೇಲೆ ಮಾಡಿ ಬಿಸಿಲಿಗೆ ಹಿಡಿಯಬೇಕು. ಮೊಂಡಾದ ಕಡೆ ಬಿಳಿ ಗೆರೆ ಮಿನುಗುತ್ತದೆ. ನಿಜವಾಗಿ ಹರಿತವಾಗಿದ್ದರೆ ಬೆಳಕು ನಿಲ್ಲುವುದಕ್ಕೆ ಜಾಗವೇ ಇರುವುದಿಲ್ಲ, ಬಾಯಿ ಕಪ್ಪಗೆ ಕಾಣುತ್ತದೆ. ಇದನ್ನು ಅವನು ನನಗೆ ಏಳೆಂಟು ವರ್ಷದವಳಿದ್ದಾಗಲೇ ಕಲಿಸಿದ್ದ. ಕತ್ತಿಯನ್ನು ನನ್ನ ಮುಂದೆ ನೆಲದ ಮೇಲಿಟ್ಟು, "ನೋಡೇಳು", ಅಂದರೆ ನೋಡಿ ಹೇಳು, ಎನ್ನುತ್ತಿದ್ದ. ನೆಲದ ಮೇಲೆ ಯಾಕೆಂದರೆ ನಮ್ಮಲ್ಲಿ ಕತ್ತಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದೆ ಎಂಬ ನಂಬಿಕೆ. ಒಬ್ಬರು ಇಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ನಾನು ಎತ್ತಿಕೊಂಡು, ಒಂದು ಕಣ್ಣು ಮುಚ್ಚಿ, ತುದಿಯ ಹತ್ತಿರ ಸ್ವಲ್ಪ ಬೆಳಕಿದೆ ಎಂದರೆ ಅವನು ಮರುಮಾತಿಲ್ಲದೆ ಮತ್ತೆ ಮಣೆಗೆ ಕೂರುತ್ತಿದ್ದ. ಅಷ್ಟು ದೊಡ್ಡವನು ನನ್ನ ಮಾತಿಗೆ ಮತ್ತೆ ಕೂರುತ್ತಾನಲ್ಲ ಎಂದು ನನಗೆ ಆಗ ಬಲು ಜಂಬ.

ಮೂರನೆಯ ಪರೀಕ್ಷೆಯೂ ಒಂದಿತ್ತು. ಅದು ಮೇಸ್ತ್ರಿಯದಲ್ಲ, ಹುಡುಗಾಟದ್ದು. ಮುಂಗೈ ಮೇಲಿನ ಕೂದಲು ಹೆರೆದು ನೋಡುವುದು. ಅಣ್ಣಯ್ಯನ ಎಡ ಮುಂಗೈ ವರ್ಷದಲ್ಲಿ ಮೂರು ತಿಂಗಳು ಬೋಳಾಗಿರುತ್ತಿತ್ತು. ನೋಡಿ ನೋಡಿ ನಾನೂ ಶುರುಮಾಡಿದೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಯಸಳೂರು ಕಡೆಯಿಂದ ನನ್ನನ್ನು ನೋಡಲು ಒಂದು ಗಂಡಿನವರು ಬಂದರು. ಕಾಫಿಯ ತಟ್ಟೆ ಹಿಡಿದ ನನ್ನ ಕೈಯನ್ನೇ ಹುಡುಗನ ತಾಯಿ ನೋಡಿದ್ದೇ ನೋಡಿದ್ದು. ಅಂಗೈ ಅಗಲದ ಜಾಗ ಬೆಳ್ಳಗೆ, ನುಣ್ಣಗೆ, ಒಂದೂ ಕೂದಲಿಲ್ಲ. "ಎಷ್ಟು ದಿನದಿಂದ ಹಿಂಗಾಗಿರದು?" ಎಂದು ಮೆಲ್ಲಗೆ ನನ್ನ ಅತ್ತಿಗೆಯನ್ನು ಕೇಳಿದರು. ಅತ್ತಿಗೆ, ಅಂದರೆ ಅಣ್ಣಯ್ಯನ ಹೆಂಡತಿ ಗೌರಮ್ಮ, ಮದುವೆಯಾಗಿ ಬಂದು ಇನ್ನೂ ವರ್ಷವಾಗಿರಲಿಲ್ಲ. ಸುಳ್ಳು ಹೇಳಲು ಬಾರದ ಹೆಂಗಸು. "ಅವಳೇ ಕತ್ತಿಲಿ ಹೆರ್ಕಂಡಿರದು" ಎಂದುಬಿಟ್ಟರು. ಚರ್ಮದ ಕಾಯಿಲೆ ಎಂದಿದ್ದರೂ ಆ ಸಂಬಂಧ ಒಂದು ವಾರ ಜೀವ ಹಿಡಿದುಕೊಂಡಿರುತ್ತಿತ್ತೋ ಏನೋ. ಬಂದವರು ಉಪ್ಪಿಟ್ಟನ್ನೂ ಪೂರ್ತಿ ತಿನ್ನದೆ ಎದ್ದರು. ಆಮೇಲೂ ನಾಲ್ಕಾರು ಬಂದವು, ಒಂದೊಂದು ಒಂದೊಂದಕ್ಕೆ ತಪ್ಪಿದವು. ಅಣ್ಣಯ್ಯ ಹೊಲಿಗೆ ಮಿಷನ್ನು ತಂದುಕೊಟ್ಟ. ಅವನ ಮನೆಯ ರಸ್ತೆ ಬದಿಯ ಕೋಣೆಯೇ ನನ್ನ ಅಂಗಡಿಯಾಯಿತು, ನಾನು ಅಲ್ಲೇ ಉಳಿದೆ.

ಮಸೆಯುವುದಕ್ಕಿಂತ ಕಾಪಾಡುವುದೇ ಕಷ್ಟ ಎನ್ನುತ್ತಿದ್ದ ಅಣ್ಣಯ್ಯ. ಜೂನಿನಿಂದ ಆಚೆಗೆ ನಮ್ಮ ಕಡೆ ಉಪ್ಪಿನ ಡಬ್ಬವೂ ಬೆವರುತ್ತದೆ, ಇನ್ನು ಕಬ್ಬಿಣದ ಪಾಡೇನು? ಕೆಲಸ ಮುಗಿದ ಕೂಡಲೇ ತೊಳೆದು, ಒರೆಸಿ, ಒಲೆಯ ಹತ್ತಿರ ಸ್ವಲ್ಪ ಹೊತ್ತು ಒಣಗಿಸಿ, ಕೊಬ್ಬರಿ ಎಣ್ಣೆ ಸವರಿ, ಹಳೆ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಡಬೇಕು. ಚರ್ಮದ ಒರೆಯಲ್ಲಿ ಇಟ್ಟರೆ ಒರೆಯೇ ತೇವ ಹಿಡಿದುಕೊಂಡು ಅಲಗನ್ನು ತಿನ್ನುತ್ತದೆ. ಹಲಸಿನ ಮೇಣ ಹತ್ತಿದರೆ ನೀರು ಹಾಕಿ ಉಜ್ಜಬಾರದು, ಎಣ್ಣೆಯಲ್ಲಿ ಒರೆಸಬೇಕು. ನಿಂಬೆಹಣ್ಣು ಕುಯ್ದ ಚಾಕುವನ್ನು ಹಾಗೇ ಬಿಟ್ಟರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಅತ್ತಿಗೆ ಒಮ್ಮೆ ಈಳಿಗೆಯನ್ನು ರಾತ್ರಿಯಿಡೀ ಬಚ್ಚಲಲ್ಲಿ ಬಿಟ್ಟದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ.

ಅವನ ಇಷ್ಟೆಲ್ಲ ಜೋಪಾನ ಕಬ್ಬಿಣಕ್ಕೆ ಮಾತ್ರ. ಮೈಗೆ ಸಕ್ಕರೆ ಕಾಯಿಲೆ ಬಂದಾಗ ಅದನ್ನು ಹತ್ತು ವರ್ಷ ನೆಗಡಿಯ ಹಾಗೆ ನೋಡಿಕೊಂಡ. ಕೆಲಸ ಬಿಟ್ಟ ಮೇಲೆ ಒಂದು ಕಾಲಿನ ಹೆಬ್ಬೆಟ್ಟಿನಲ್ಲಿ ಗಾಯವಾಯಿತು, ಕಪ್ಪಾಯಿತು, ಹಾಸನದಲ್ಲಿ ಅದನ್ನು ತೆಗೆದುಹಾಕಿದರು. ಕಣ್ಣೂ ಮಂಜಾಯಿತು. ಆಗಿನಿಂದ "ನೋಡೇಳು" ಎನ್ನುವುದು ಮತ್ತೆ ಶುರುವಾಯಿತು. ಮಾತ್ರೆಯ ಹೆಸರು ನೋಡೇಳು, ಪೇಪರಿನಲ್ಲಿ ಕಾಫಿ ರೇಟು ನೋಡೇಳು, ಬಸ್ಸಿನ ಬೋರ್ಡು ನೋಡೇಳು, ಗೇಟಿನ ಹತ್ತಿರ ನಿಂತಿರುವುದು ಯಾರು ನೋಡೇಳು. ಅತ್ತಿಗೆ ಪಕ್ಕದಲ್ಲೇ ಇದ್ದರೂ ಅಂಗಡಿಯಲ್ಲಿದ್ದ ನನ್ನನ್ನೇ ಕೂಗುತ್ತಿದ್ದ. ಅರ್ಧ ಹೊಲಿಗೆಯಲ್ಲಿ ಎದ್ದು ಹೋಗುವಾಗ ಗೊಣಗುತ್ತಿದ್ದೆ, ನಿಜ. ಒಳಗೊಳಗೆ ಏಳೆಂಟು ವರ್ಷದವಳ ಆ ಜಂಬ ಇನ್ನೂ ಇತ್ತು.

ಆಮೇಲೆ ಬೆರಳುಗಳು. ಒಂದು ಬೆಳಿಗ್ಗೆ ಅವನ ಪಂಚೆಯ ಮೇಲೆ ರಕ್ತ ನೋಡಿ ಅತ್ತಿಗೆ ಕಿರುಚಿದರು. ತೋರುಬೆರಳು ಕುಯ್ದುಕೊಂಡು ಎಷ್ಟು ಹೊತ್ತಾಗಿತ್ತೋ, ಅವನಿಗೆ ಗೊತ್ತೇ ಇರಲಿಲ್ಲ. ಹಾಸನದ ಡಾಕ್ಟರಮ್ಮ ಒಂದೊಂದೇ ಬೆರಳಿಗೆ ಸೂಜಿ ಮುಟ್ಟಿಸಿ ನೋಡಿ ಅತ್ತಿಗೆಯನ್ನೂ ನನ್ನನ್ನೂ ಆಚೆಗೆ ಕರೆದು ಹೇಳಿದರು: "ಕೈಗೆ ಹರಿತವಾದ್ದು ಏನೂ ಕೊಡಬೇಡಿ. ಗಾಯ ಆದ್ರೆ ಇವರಿಗೆ ಗೊತ್ತಾಗಲ್ಲ, ಆದ ಗಾಯ ಬೇಗ ಮಾಯಲ್ಲ. ಕಾಲಿಗೆ ಆದದ್ದೇ ಕೈಗೂ ಆಗಬಹುದು."

ಬಸ್ಸಿನಲ್ಲಿ ವಾಪಸು ಬರುವಾಗ ಅಣ್ಣಯ್ಯ ಬಲಗೈ ಹೆಬ್ಬೆರಳನ್ನು ನನಗೆ ತೋರಿಸಿದ. "ಡಾಕ್ಟರಮ್ಮಂಗೆ ಗೊತ್ತಿಲ್ಲ. ಇಲ್ಲಿ, ಈ ಮಗ್ಗುಲಲ್ಲಿ ಒಂದು ಅಕ್ಕಿಕಾಳಿನಷ್ಟು ಜಾಗ ಇನ್ನೂ ಜೀವ ಅದೆ ಕಣಮ್ಮಿ. ಕತ್ತಿ ಬಾಯಿ ಹಿಡಿದ್ರೆ ಗೊತ್ತಾಯ್ತದೆ. ಅಷ್ಟು ಸಾಕು ನಂಗೆ." ಆ ಅಕ್ಕಿಕಾಳಿನಷ್ಟು ಜಾಗದ ಮೇಲೆ ಅವನು ಬದುಕಿದ್ದ. ಲೈನಿನಲ್ಲಿರುವ ಅಸ್ಸಾಮಿನ ಆಳುಗಳೂ ಕತ್ತಿ ಹಿಡಿದುಕೊಂಡು ಅವನ ಜಗಲಿಗೆ ಬರುತ್ತಿದ್ದರು. ಅವರ ಮಾತು ಇವನಿಗೆ ಬಾರದು, ಇವನದು ಅವರಿಗೆ ಬಾರದು. ಅವರು ಕತ್ತಿಯನ್ನು ನೆಲಕ್ಕಿಡುವುದನ್ನು ಮಾತ್ರ ಕಲಿತಿದ್ದರು.

ನಾವು ಮೊದಲು ಕತ್ತಿಗಳನ್ನು ಬಚ್ಚಿಟ್ಟೆವು. ಅಣ್ಣಯ್ಯ ಊಟ ಬಿಟ್ಟ. ಎರಡನೆಯ ದಿನ ಪಕ್ಕದ ಮನೆಯಿಂದ ಕತ್ತಿ ಇಸಿದುಕೊಂಡು ಬಂದು ಮಸೆಯಲು ಕೂತು ಅಂಗೈ ಕುಯ್ದುಕೊಂಡ. ಅತ್ತಿಗೆ ನನ್ನ ಅಂಗಡಿಗೆ ಬಂದು ಹೊಲಿಯದ ಬಟ್ಟೆಗಳ ಮೇಲೆ ಕೂತರು. "ಹೇಳ್ಬಿಡನ ಸುಸೀಲ. ಡಾಕ್ಟರಮ್ಮ ಹಿಂಗಂದ್ರು, ನಮಗೆ ಭಯ ಆಯ್ತದೆ ಅಂತ ಎದುರಿಗೆ ಕೂತು ಹೇಳನ. ಬೈದ್ರೆ ಬೈಸ್ಕಳನ. ಬೇಕಾದ್ರೆ ಮಸೆಯುವಾಗ ನಾನು ಪಕ್ಕದಲ್ಲೇ ಕೂತ್ಕಂಡು, ಆಮೇಲೆ ಕೈ ತೊಳ್ಸಿ ಒಂದೊಂದು ಬೆರಳೂ ನೋಡ್ತೀನಿ."

ಎಷ್ಟು ಸರಳವಾದ ಮಾತು. ಆದರೆ ನಾನು ಬುದ್ಧಿವಂತೆ. ಸಣ್ಣ ಪೋರನ ಹಾಗೆ ಮಸೆದ ಮೇಲೆ ಕೈ ತೋರಿಸು ಎಂದರೆ ಅಣ್ಣಯ್ಯನಿಗೆ ಅವಮಾನವಾಗುತ್ತದೆ, ಅದಕ್ಕಿಂತ ಅವನಿಗೆ ಗೊತ್ತಾಗದ ಹಾಗೆ ಮಾಡೋಣ ಎಂದೆ. ಅವನು ಮಸೆಯಲಿ, ಮಸೆದ ಮೇಲೆ ನಾನು ಕತ್ತಿಯ ಬಾಯಿ ಹೊಡೆದು ಮೊಂಡು ಮಾಡಿಬಿಡುತ್ತೇನೆ. ಮೊಂಡು ಕತ್ತಿಯನ್ನು ಎಷ್ಟು ಮುಟ್ಟಿದರೂ ಕುಯ್ಯುವುದಿಲ್ಲ. ಅತ್ತಿಗೆ "ನಂಗೆ ಇದು ಸರಿ ಕಾಣಕಿಲ್ಲ" ಎಂದು ಎದ್ದುಹೋದರು. ಬೇಡ ಎಂದು ಅವರು ಹೇಳಲಿಲ್ಲ ಎಂದು ನಾನು ಲೆಕ್ಕ ಹಾಕಿಕೊಂಡೆ.

ಹೂವಿನ ಮಳೆ ಬಿದ್ದು, ಕಾಫಿ ಅರಳಿ ತೋಟವೆಲ್ಲ ಬೆಳ್ಳಗಾಗಿದ್ದ ದಿನಗಳು ಅವು. ಅಣ್ಣಯ್ಯ ತನ್ನ ಹಳೆಯ ಕಸಿ ಕತ್ತಿಯನ್ನು ಬೆಳಿಗ್ಗೆಯಿಂದ ಮಸೆದು, ಒರೆಸಿ, ಜಗಲಿಯ ಮೇಲಿಟ್ಟು ಊಟ ಮಾಡಿ ಮಲಗಿದ. ನಾನು ಕತ್ತಿಯನ್ನು ಹಿತ್ತಲಿಗೆ ಒಯ್ದು ಬಟ್ಟೆ ಒಗೆಯುವ ಕಲ್ಲಿನ ಅಂಚಿಗೆ ಬಾಯಿಯನ್ನು ನೆಟ್ಟಗೆ ಹಿಡಿದು ಎಳೆದೆ. ಕಿರ್ರೆಂದಿತು. ಎರಡು ಸಲ, ಮೂರು ಸಲ. ಮೂವತ್ತೈದು ವರ್ಷದಿಂದ ಕಪ್ಪಗಿದ್ದ ಬಾಯಿಯ ತುಂಬ ಬೆಳಕು ಬಂತು. ಒರೆಸಿ ತಂದು ಅದೇ ಜಾಗದಲ್ಲಿಟ್ಟೆ. ಒಳ್ಳೆಯದು ಮಾಡಿದೆ ಎಂದೇ ಅಂದುಕೊಂಡೆ.

ಸಾಯಂಕಾಲ ಅವನು ಎದ್ದು ಕತ್ತಿ ಎತ್ತಿಕೊಂಡು ಹೆಬ್ಬೆರಳು ಸವರಿದ. ನಿಲ್ಲಿಸಿದ. ಮತ್ತೆ ಸವರಿದ. ಬೆರಳನ್ನು ಪಂಚೆಗೆ ಉಜ್ಜಿ, ಬಾಯಿಯಿಂದ ಊದಿ, ಆ ಅಕ್ಕಿಕಾಳಿನಷ್ಟು ಜಾಗವನ್ನು ಹುಡುಕಿ ಹುಡುಕಿ ಇಟ್ಟ.

"ಸುಸೀ, ಬಾ ಇಲ್ಲಿ. ಬಾಯಲ್ಲಿ ಬೆಳಕು ಕಾಣ್ತದಾ, ನೋಡೇಳು."

ಕತ್ತಿಯನ್ನು ನೆಲದ ಮೇಲಿಟ್ಟ. ನಾನು ಎತ್ತಿಕೊಂಡು ಇಳಿಬಿಸಿಲಿಗೆ ಹಿಡಿದೆ. ಹಿಡಿಯಿಂದ ತುದಿಯವರೆಗೂ ಬೆಳ್ಳಿಯ ದಾರ ಎಳೆದಂತೆ ಹೊಳೆಯುತ್ತಿತ್ತು.

"ಇಲ್ಲ ಅಣ್ಣಯ್ಯ. ಕಾಣಕಿಲ್ಲ."

"ಸರಿಯಾಗಿ ನೋಡಮ್ಮಿ."

"ನೋಡ್ದೆ. ಕಪ್ಪಗೆ ಅದೆ. ಒಳ್ಳೆ ಹರಿತವಾಗೇ ಅದೆ."

ಅವನ ಕಾಲ ಬಳಿಯೇ ದಾಸವಾಳದ ಗಿಡವಿತ್ತು. ಒಂದು ಎಲೆ ಕುಯ್ದು ನೋಡಿದ್ದರೂ ನನ್ನ ಸುಳ್ಳು ಬಯಲಾಗುತ್ತಿತ್ತು. ಅವನು ನೋಡಲಿಲ್ಲ. ಯಾಕೆ ನೋಡಬೇಕು? ನನ್ನ ಕಣ್ಣನ್ನು ತಯಾರು ಮಾಡಿದವನೇ ಅವನು. ಬೆರಳನ್ನು ಸ್ವಲ್ಪ ಹೊತ್ತು ಬೇರೆ ಯಾರದ್ದೋ ಎಂಬಂತೆ ನೋಡಿದ. "ಹರಿತ ಆಗಿದ್ರೂ ನಂಗೆ ಗೊತ್ತಾಗ್ತಿಲ್ಲ ಅಂದ್ರೆ, ಅದೂ ಹೋಯ್ತು ಅಂತಾಯ್ತು" ಎಂದ. ಮಣೆಯನ್ನು ಎತ್ತಿ ಗೋಡೆಗೆ ಒರಗಿಸಿದ. ಬೆಣಚುಕಲ್ಲಿನ ಪುಡಿಯ ಡಬ್ಬದ ಮುಚ್ಚಳವನ್ನು ಭದ್ರವಾಗಿ ಹಾಕಿದ.

ನಾವು ಬಯಸಿದ್ದೇ ಆಯಿತು. ಮತ್ತೆ ಅವನು ಕತ್ತಿ ಮುಟ್ಟಲಿಲ್ಲ, ಬೆರಳಿಗೆ ಒಂದೂ ಗಾಯವಾಗಲಿಲ್ಲ. ಡಾಕ್ಟರಮ್ಮ ಮೆಚ್ಚಿಕೊಂಡರು. ಕತ್ತಿ ಹಿಡಿದು ಬಂದ ಆಳುಗಳಿಗೆ ಅವನು ಹೆಬ್ಬೆರಳು ಎತ್ತಿ ತೋರಿಸಿ ಕೈಯಾಡಿಸುತ್ತಿದ್ದ. ಅವರಿಗೆ ಏನು ಅರ್ಥವಾಯಿತೋ, ತಲೆದೂಗಿ ಹೋಗುತ್ತಿದ್ದರು, ಆಮೇಲೆ ಬರುವುದನ್ನೇ ಬಿಟ್ಟರು. ಮಳೆಗಾಲವೆಲ್ಲ ಅವನು ಜಗಲಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತ. ಅಟ್ಟದ ಮೇಲಿನ ಕತ್ತಿಗಳಿಗೆ ಎಣ್ಣೆ ಹಾಕಿದಿರಾ ಎಂದೂ ಕೇಳಲಿಲ್ಲ. ಅನ್ನ ಕಲಸುವಾಗ ಹೆಬ್ಬೆರಳನ್ನು ದೂರ ಇಟ್ಟುಕೊಂಡು ನಾಲ್ಕೇ ಬೆರಳಲ್ಲಿ ಉಣ್ಣುತ್ತಿದ್ದ. ಅದನ್ನು ನೋಡಲಾರದೆ ನಾನು ಅಂಗಡಿಯಲ್ಲೇ ಊಟ ಮಾಡಲು ಶುರುಮಾಡಿದೆ. ಹೇಳಿಬಿಡೋಣ ಎಂದು ಎಷ್ಟು ಸಲ ಎದ್ದೆನೋ, ಅಷ್ಟು ಸಲವೂ ಮಿಷನ್ನಿನ ಪೆಡಲು ತುಳಿದೆ.

ಆಯುಧಪೂಜೆ ಬಂತು. ಮನೆಯ ಕತ್ತಿ, ಚಾಕು, ಈಳಿಗೆ, ನನ್ನ ಕತ್ತರಿ, ಎಲ್ಲವನ್ನೂ ತೊಳೆದು ಪೂಜೆಯ ಮಣೆಯ ಮೇಲೆ ಸಾಲಾಗಿಟ್ಟು, ಹಿರಿಯರು ಒಂದೊಂದಕ್ಕೂ ಹೆಬ್ಬೆರಳಲ್ಲಿ ಗಂಧ ಹಚ್ಚುವುದು ನಮ್ಮ ಪದ್ಧತಿ. ಮೊಂಡು ಆಯುಧವನ್ನು ಪೂಜೆಗೆ ಇಡುವುದಿಲ್ಲ. ಹೇಗಿದ್ದರೂ ಅಣ್ಣಯ್ಯನಿಗೆ ಗೊತ್ತಾಗುವುದಿಲ್ಲ, ಆದರೆ ದೇವರ ಮುಂದೆ ಆ ಬಿಳಿ ಗೆರೆಯನ್ನು ಇಡಲು ನನಗೆ ಕೈ ಬರಲಿಲ್ಲ. ಎರಡು ದಿನ ಮಣೆ ಹಾಕಿಕೊಂಡು ಕೂತೆ. ಬೆಂಕಿಕಡ್ಡಿಯ ಅಳತೆ, ತರಿ, ಬೆಲ್ಟಿನ ಚರ್ಮ, ಏನೂ ಬಿಡಲಿಲ್ಲ. ಅವನ ಕಸಿ ಕತ್ತಿಯ ಬಾಯಿಯಿಂದ ಬೆಳಕು ಹೋಗುವವರೆಗೂ ಮಸೆದೆ. ಮಸೆಯುವ ಸದ್ದು ಅವನಿಗೆ ಕೇಳುತ್ತಿತ್ತು. ಹೀಗೆ ಮಸೆ, ಹಾಗೆ ಮಸೆ ಎನ್ನಲಿಲ್ಲ.

ಪೂಜೆಯ ದಿನ ಅತ್ತಿಗೆ ಗಂಧದ ಬಟ್ಟಲು ಹಿಡಿದುಕೊಂಡರು. ಅಣ್ಣಯ್ಯ ಸ್ಟೂಲಿನ ಮೇಲೆ ಕೂತು ಈಳಿಗೆಗೆ ಹಚ್ಚಿದ, ನನ್ನ ಕತ್ತರಿಗೆ ಹಚ್ಚಿದ. ಕಸಿ ಕತ್ತಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಲಗಿಗೆ ಹಚ್ಚುವಾಗ, ಕಣ್ಣು ಕಾಣದೆಯೋ ಹಳೆಯ ಅಭ್ಯಾಸದಿಂದಲೋ, ಹೆಬ್ಬೆರಳು ಬಾಯಿಯ ಮೇಲೆ ಅಡ್ಡಕ್ಕೆ ಹೋಯಿತು.

"ಗೌರೀ!" ಎಂದ. ಆ ದನಿಯನ್ನು ನಾನು ಆರು ತಿಂಗಳಿಂದ ಕೇಳಿರಲಿಲ್ಲ. "ಹಿಡೀತು ಕಣೇ! ಬೆರಳಿಗೆ ಗೊತ್ತಾಯ್ತು!"

ಮತ್ತೆ ಮುಟ್ಟಿದ, ಈಗ ಮೆಲ್ಲಗೆ, ಮೇಸ್ತ್ರಿಯ ಹಾಗೆ. ಆ ಮುಖ ಅರಳಿದ್ದನ್ನು ನಾನು ನೋಡಿದೆ. ಅತ್ತಿಗೆಯ ಕಣ್ಣಲ್ಲಿ ನೀರು ಬಂತು. ಮೂರನೆಯ ಸಲ ಮುಟ್ಟುವಾಗ ಅವನ ಕೈ ನಿಂತಿತು. ಮುಖದ ಮೇಲೆ ನಗು ಇನ್ನೂ ಇದ್ದಂತೆಯೇ ಕಣ್ಣು ಮಾತ್ರ ನನ್ನ ಕಡೆ ತಿರುಗಿತು.

"ಹಂಗಾದ್ರೆ ಅವತ್ತು?" ಎಂದ. "ಅವತ್ತು ಬೆಳಕು ಕಂಡಿತ್ತಾ, ಸುಸೀ?"

ಅತ್ತಿಗೆ ನೆಲ ನೋಡಿದರು.

"ಕಂಡಿತ್ತು ಅಣ್ಣಯ್ಯ" ಎಂದೆ. ಒಗೆಯುವ ಕಲ್ಲು, ಡಾಕ್ಟರಮ್ಮ, ಅತ್ತಿಗೆ ಸರಿ ಕಾಣಕಿಲ್ಲ ಎಂದಿದ್ದು, ಎಲ್ಲವನ್ನೂ ಹೇಳಿದೆ. ಅವನು ಕೊನೆಯವರೆಗೂ ಕೇಳಿದ. ಆಮೇಲೆ ಕತ್ತಿಯ ಹಿಡಿಯನ್ನು ನನ್ನ ಕಡೆ ಮಾಡಿ ಚಾಚಿದ. ನೆಲಕ್ಕಿಡುತ್ತಾನೆಂದು ನಾನು ಕಾದೆ. ಇಡಲಿಲ್ಲ.

"ಹಿಡಿ" ಎಂದ.

"ನೆಲಕ್ಕೆ ಮಡಗು ಅಣ್ಣಯ್ಯ."

"ಹಿಡಿ ಅಂದೆ. ಜಗಳ ಆದ್ರೆ ಆಗ್ಲಿ. ಅವತ್ತೇ ನನ್ ಜೊತೆ ಜಗಳ ಆಡ್ಬೇಕಿತ್ತು ನೀನು. ಕಿತ್ಕಂಡು ಹೊಳೆಗೆ ಬಿಸಾಕ್ಬೇಕಿತ್ತು. ಇದ್ದ ಬೆರಳನ್ನ ಸತ್ತೋಯ್ತು ಅಂತ ನಂಗೇ ನಂಬಿಸ್ಬಾರ್ದಿತ್ತು."

ನಾನು ಕೈಯೊಡ್ಡಿ ಹಿಡಿದೆ. ಅವನು ಗಂಧದ ಕೈಯನ್ನು ಪಂಚೆಗೆ ಒರೆಸಿಕೊಂಡು, ಇನ್ನು ಉಳಿದದ್ದಕ್ಕೆ ನೀನೇ ಹಚ್ಚು ಎಂದು ಅತ್ತಿಗೆಗೆ ಹೇಳಿ ಎದ್ದುಹೋದ.

ಮಾರನೆಯ ದಿನದಿಂದ ಮಣೆ ಮತ್ತೆ ಜಗಲಿಗೆ ಬಂತು. ಅತ್ತಿಗೆ ಪಕ್ಕದಲ್ಲೇ ಕೂತು, ಆಮೇಲೆ ಬೆಚ್ಚಗಿನ ನೀರಲ್ಲಿ ಕೈ ತೊಳೆಸಿ ಒಂದೊಂದೇ ಬೆರಳನ್ನು ತಿರುಗಿಸಿ ನೋಡುತ್ತಿದ್ದರು. ಅವನು ತಕರಾರಿಲ್ಲದೆ ಕೈ ಕೊಡುತ್ತಿದ್ದ. ಅವಮಾನ ಪಟ್ಟುಕೊಂಡದ್ದು ನಾನೊಬ್ಬಳೇ. ಆಳುಗಳು ಮತ್ತೆ ಬಂದರು. ಪಿಕಿಂಗ್ ಶುರುವಾಗುವ ಹೊತ್ತಿಗೆ ಆ ಅಕ್ಕಿಕಾಳಿನಷ್ಟು ಜಾಗವೂ ನಿಜವಾಗಿಯೇ ಹೋಯಿತು. ನಾನು ಸುಳ್ಳು ಹೇಳದಿದ್ದರೆ ಅವನು ಆರು ತಿಂಗಳು ಹೆಚ್ಚು ಮಸೆಯುತ್ತಿದ್ದ, ಆ ಆರು ತಿಂಗಳನ್ನು ನಾನು ಒಗೆಯುವ ಕಲ್ಲಿಗೆ ಉಜ್ಜಿ ಮುಗಿಸಿದ್ದೆ. ಹೋದ ಮಳೆಗಾಲದಲ್ಲಿ ಅವನೇ ಹೋದ. ಕಾಲಿನ ಗಾಯದಿಂದ. ಕೈಗಳಲ್ಲಿ ಒಂದು ಗೀರೂ ಇರಲಿಲ್ಲ.

ಜಗಳಕ್ಕೆ ನಾನು ಕಾದದ್ದಷ್ಟೇ ಬಂತು. ಕೈಯಿಂದ ಕೈಗೆ ಕೊಟ್ಟಿದ್ದನಲ್ಲ, ಆಗಲೇಬೇಕಿತ್ತು. ಒಂದು ಸಲ ಬೈದು, ಅತ್ತಿಗೆಯ ಮೇಲೆ ಮುನಿದ ಹಾಗೆ ಎರಡು ದಿನ ಮಾತು ಬಿಟ್ಟಿದ್ದರೂ ನಾನು ನೆಮ್ಮದಿಯಾಗಿರುತ್ತಿದ್ದೆ. ಅವನು ಮಾತು ಬಿಡಲಿಲ್ಲ. ಊಟ ಆಯ್ತಾ ಎನ್ನುತ್ತಿದ್ದ, ಯಾರ ರವಿಕೆ ಎನ್ನುತ್ತಿದ್ದ, ಈ ಕಪ್ಪಿನ ಉಪಾಯ ಹೇಳಿಕೊಟ್ಟದ್ದೂ ಆಗಲೇ. ನನ್ನ ಚಾಕು ಮಸೆಯಲು ಅವನ ಮಣೆಯನ್ನು ಎಲ್ಲಿ ಕೇಳಿಬಿಡುತ್ತೇನೋ ಎಂದು ಇರಬೇಕು.

ಕೊನೆಯ ಸಲ ಹಾಸನಕ್ಕೆ ಕರೆದೊಯ್ಯುವಾಗ ನಾವಿಬ್ಬರೇ ಕೊಡ್ಲಿಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಮಳೆ ಹನಿಯುತ್ತಿತ್ತು, ಅವನ ತೋಳನ್ನು ನಾನೇ ಹಿಡಿದುಕೊಂಡಿದ್ದೆ. ಒಂದು ಬಸ್ಸು ಬಂದು ನಿಂತಿತು. ಅಣ್ಣಯ್ಯ ಕಣ್ಣು ಕಿರಿದು ಮಾಡಿ ಬೋರ್ಡಿನ ಕಡೆ ನೋಡಿದ. ನಾನು ಹೇಳಲು ಬಾಯಿ ತೆರೆದಿದ್ದೆ. ಅವನು ಆ ಕಡೆ ತಿರುಗಿ, ತರಕಾರಿ ಚೀಲ ಹಿಡಿದು ನಿಂತಿದ್ದ, ಗುರುತಿಲ್ಲದ ಒಬ್ಬ ಹೆಂಗಸನ್ನು ಕೇಳಿದ:

"ಅಮ್ಮಾ, ಇದು ಹಾಸನಕ್ಕೆ ಹೋಯ್ತದಾ? ಒಸಿ ನೋಡೇಳಿ."